ಚಿಗುರು ಚಿವುಟುವ ಬೆರಳು

"ಅವರ ಕೈಗೆ ಏನಾದರೂ ಕೆಲಸ ಕೊಡ್ತಾ ಇರಿ," ಎಂದರು ನರರೋಗದ ಡಾಕ್ಟರು. "ತಲೆಯಿಂದ ಎಲ್ಲ ಜಾರಿ ಹೋದ್ರೂ ಬೆರಳು ಕಲಿತಿದ್ದು ಕೊನೇವರೆಗೂ ಉಳಿಯತ್ತೆ. ಅದೊಂದು ಪುಣ್ಯ ಅಂದ್ಕೊಳ್ಳಿ."

ಪುಣ್ಯವಂತೆ! ಆ ಬೆರಳುಗಳ ಕಾಟ ತಡೆಯಲಾರದೆ ತಾನೇ ನಾನು ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದು.

"ಡಾಕ್ಟ್ರೇ, ಅಪ್ಪ ದಿನಾ ಬೆಳಗ್ಗೆ ಎದ್ದು ಮರ ಕೊಲ್ತಾ ಇದ್ದಾರೆ," ಎಂದೆ.

ಡಾಕ್ಟರು ಚೀಟಿ ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ರೋಗಿ ಯಾರು ಎಂದು ಅವರಿಗೆ ಒಂದು ಗಳಿಗೆ ಅನುಮಾನ ಬಂದಿರಬೇಕು. ಅಪ್ಪ ಪಕ್ಕದ ಕುರ್ಚಿಯಲ್ಲಿ ಕೂತು ಅವರ ಮೇಜಿನ ಮೇಲಿದ್ದ ಮನಿ ಪ್ಲಾಂಟಿನ ಹಳದಿ ಎಲೆಯೊಂದನ್ನು ಕಿತ್ತು, ಯಾರೂ ನೋಡಲಿಲ್ಲ ಎಂಬಂತೆ ಜೇಬಿಗೆ ಹಾಕಿಕೊಂಡ.

ನಮ್ಮದು ಬೋನ್ಸಾಯ್ ಅಂಗಡಿ. ಮುಂದೆ ಅಂಗಡಿ, ಹಿಂದೆ ಅಂಗಳ, ಮೇಲೆ ಮನೆ. ಅಂಗಡಿಯಲ್ಲಿ ಕುಂಡ, ಮಣ್ಣು, ತಂತಿ, ಕತ್ತರಿ ಮಾರುತ್ತೇವೆ. ಹೊಟ್ಟೆ ತುಂಬುವುದು ಅದರಿಂದ. ಹಿಂದಿನ ಅಂಗಳದಲ್ಲಿ, ಬಿಸಿಲು ಚೆನ್ನಾಗಿ ಬೀಳುವ ಕಡೆ, ಕಬ್ಬಿಣದ ಉದ್ದ ಬೆಂಚುಗಳ ಮೇಲೆ ಅಪ್ಪ ಕುಂಡದಲ್ಲೇ ಕುಳ್ಳಗೆ ಬೆಳೆಸಿದ ಗಾಳಿಮರಗಳಿವೆ. ತಲೆ ಕೆಡುವುದು ಅವುಗಳಿಂದ. ಸರ್ವೆ ಮರ ಎಂದು ಜನ ಕರೆಯುವುದೂ ಇದನ್ನೇ. ತವರು ಆಸ್ಟ್ರೇಲಿಯಾ. ಅಂಗಡಿಗೆ ಬಂದ ಗಿರಾಕಿಗಳೆಲ್ಲ "ಇದು ಪೈನ್ ಮರಾನಾ?" ಎಂದು ಕೇಳಿ ಅಪ್ಪನ ಬಾಯಿಗೆ ಬಿದ್ದವರೇ. ಸೂಜಿಯಂತೆ ಕಾಣುವುದು ಇದರ ಎಲೆಯಲ್ಲ, ಗಣ್ಣುಗಣ್ಣಾದ ಹಸಿರು ಕಡ್ಡಿ. ನಿಜವಾದ ಎಲೆ ಆ ಗಣ್ಣಿನ ಸುತ್ತ ಭೂತಗನ್ನಡಿ ಹಿಡಿದರೆ ಮಾತ್ರ ಕಾಣುವ ಪುಟ್ಟ ಹಲ್ಲು. ಇದನ್ನು ಅಪ್ಪ ಪ್ರತಿಯೊಬ್ಬ ಗಿರಾಕಿಗೂ ಹೇಳುತ್ತಿದ್ದ. ಭೂತಗನ್ನಡಿ ಕೈಗೆ ಕೊಟ್ಟು, ನೋಡುವವರೆಗೂ ಬಿಡುತ್ತಿರಲಿಲ್ಲ. ಒಂದು ಕುಂಡ ಕೊಳ್ಳಲು ಬಂದವರು ತಲೆ ನೋವು ಬರಿಸಿಕೊಂಡು ಹೋಗುತ್ತಿದ್ದರು.

"ನನಗೆ ಸವತಿ ಒಬ್ಬಳಾಗಿದ್ರೆ ಜುಟ್ಟು ಹಿಡಿದು ಜಗಳ ಆಡಬಹುದಿತ್ತು," ಎನ್ನುತ್ತಿದ್ದಳು ಅಮ್ಮ. "ಇಷ್ಟು ಜನರ ಜೊತೆ ಏನು ಏಗಲಿ? ಅದೂ ಎಲ್ಲ ಕುಡುಕಿಯರು."

ಕುಡುಕಿಯರು ಎನ್ನುವುದು ಸುಳ್ಳಲ್ಲ. ಬೇಸಿಗೆಯಲ್ಲಿ ಗಾಳಿಮರಕ್ಕೆ ಮೇಲಿಂದ ನೀರು ಹಾಕಿದರೆ ಸಾಲುವುದಿಲ್ಲ. ಕುಂಡವನ್ನೇ ನೀರು ತುಂಬಿದ ತಟ್ಟೆಯಲ್ಲಿ ಕೂರಿಸಬೇಕು. ಬೆಳಗ್ಗೆ ತುಂಬಿಸಿದ ತಟ್ಟೆ ಸಂಜೆಗೆ ಒಣಗಿರುತ್ತದೆ.

ಈ ಮರದ ವಿದ್ಯೆಯೆಲ್ಲ ಇರುವುದು ಚಿವುಟುವುದರಲ್ಲಿ. ಕತ್ತರಿ ತಾಗಿಸಿದರೆ ತುದಿ ಕಂದಿ ಕೊಳಕಾಗಿ ಕಾಣುತ್ತದೆ. ಹೆಬ್ಬೆರಳು, ತೋರುಬೆರಳುಗಳ ನಡುವೆ ಚಿಗುರಿನ ತುದಿ ಹಿಡಿದು ಮೆಲ್ಲಗೆ ಎಳೆದರೆ ಗಣ್ಣಿನ ಹತ್ತಿರ ಟಿಕ್ ಎಂದು ತಾನೇ ಬಿಟ್ಟುಕೊಳ್ಳುತ್ತದೆ. ಆಮೇಲೆ ಕಾಯಬೇಕು. ಒಂದು ಇದ್ದ ಕಡೆ ಎರಡು ಬರುತ್ತವೆ, ಎರಡಿದ್ದ ಕಡೆ ನಾಲ್ಕು. ವರ್ಷಗಟ್ಟಲೆ ಹೀಗೆ ಮಾಡಿದರೆ ರಸ್ತೆಬದಿಯ ದೊಡ್ಡ ಮರದ ದಟ್ಟಣೆ ಮೊಣಕೈ ಎತ್ತರದ ಮರಕ್ಕೆ ಬರುತ್ತದೆ. ಕಾಯದೆ ಮತ್ತೆ ಮತ್ತೆ ಚಿವುಟಿದರೆ ಕೊಂಬೆ ಸೋಲುತ್ತದೆ. ತುದಿಯಲ್ಲಿ ಹಸಿರೇ ಇಲ್ಲದ ಹಾಗೆ ಬೋಳಿಸಿದರೆ ಆ ಕೊಂಬೆ ಮತ್ತೆ ಬರುವುದಿಲ್ಲ, ಕೈಕಾಲು ಹಿಡಿದರೂ ಬರುವುದಿಲ್ಲ.

ಅಪ್ಪನಿಗೆ ಚಿವುಟುವುದು ಚೆನ್ನಾಗಿ ನೆನಪಿದೆ. ನಿನ್ನೆ ಚಿವುಟಿದ್ದು ನೆನಪಿಲ್ಲ. ಮೊನ್ನೆಯದೂ ಇಲ್ಲ. ಪ್ರತಿ ಬೆಳಗ್ಗೆ ಅವನು ಸ್ಟೂಲು ಎಳೆದುಕೊಂಡು ಕೂತು, "ಓಹೋ, ಚಿವುಟೋ ಕಾಲ ಬಂತಲ್ಲ," ಎನ್ನುತ್ತಾನೆ. ಕೇಳಿದವರಿಗೆ ಖುಷಿಯಾಗಬೇಕು, ಅಷ್ಟು ಸಂತೋಷ ಆ ದನಿಯಲ್ಲಿ.

ಮೊದಲು ಹೋದದ್ದು ಬಾಗಿಲ ಪಕ್ಕದ ಜೋಡಿಮರ. ಬೇರು ಕೊಳೆತಿರಬೇಕು ಎಂದುಕೊಂಡು ಕುಂಡದಿಂದ ತೆಗೆದು ನೋಡಿದೆ. ಕೊಳೆತಿರಲಿಲ್ಲ, ಹುಳವೂ ಇರಲಿಲ್ಲ. ಈ ಮರದ ಬೇರಿಗೆ ಅಂಟಿಕೊಂಡು ಅದಕ್ಕೆ ಗೊಬ್ಬರ ಒದಗಿಸುವ ಗಂಟುಗಳಿರುತ್ತವೆ, ಅವೂ ಇದ್ದಲ್ಲೇ ಇದ್ದವು. ಮಣ್ಣು ಬದಲಾಯಿಸಿದೆ, ಔಷಧಿ ಹೊಡೆದೆ, ಔಷಧಿ ಕೊಟ್ಟ ಅಂಗಡಿಯವನಿಗೆ ಬೈದೆ. ಇನ್ನೂ ಎರಡು ಮರ ಹೋದವು. ಒಂದು ದಿನ ಬೇಗ ಎದ್ದು ಅಂಗಳಕ್ಕೆ ಬಂದರೆ ಅಪ್ಪ ಸ್ಟೂಲಿನ ಮೇಲೆ ಕೂತಿದ್ದ. ಅವನ ತೊಡೆಯ ಮೇಲೆ, ಕಾಲ ಬುಡದಲ್ಲಿ ಎಲ್ಲ ಹಸಿರು ಕಡ್ಡಿ. ಎದುರಿಗಿದ್ದ ಮರದಲ್ಲಿ ಹಿಂದಿನ ವಾರ ನಾನೇ ನೋಡಿದ್ದ ಚಿಗುರು ಒಂದೂ ಉಳಿದಿರಲಿಲ್ಲ. ನನ್ನನ್ನು ನೋಡಿ ಅಪ್ಪ, "ಬೇಗ ಎದ್ದೆ ಇವತ್ತು!" ಎಂದು ನಕ್ಕ.

ಆಮೇಲೆ ನಾನು ಆಡದ ಆಟವಿಲ್ಲ. ಅಂಗಳದ ಬಾಗಿಲಿಗೆ ಬೀಗ ಹಾಕಿದೆ. ಅಪ್ಪ ಬಾಗಿಲ ಮುಂದೆ ನಿಂತು, "ಯಾರಾದ್ರೂ ಇದ್ದೀರಾ? ನನ್ನ ಕೆಲಸದ ಜಾಗ ಇದು, ಸ್ವಲ್ಪ ತೆಗೀರಿ," ಎಂದು ಅಂಗಲಾಚಿದ. ಸ್ವಂತ ಮನೆಯಲ್ಲಿ, ಯಾರಿಗೋ ಹೇಳುವಂತೆ! ಮಧ್ಯಾಹ್ನದೊಳಗೆ ಬೀಗ ನಾನೇ ತೆಗೆದೆ. ನರ್ಸರಿಯಿಂದ ಗಾಳಿಮರದ ಸಸಿಗಳನ್ನು ಕಟ್ಟುಗಟ್ಟಲೆ ತಂದು, ಮೋಟು ಮಾಡಿ ಕುಂಡಕ್ಕೆ ನೆಟ್ಟು ಮುಂದಿಟ್ಟೆ. ಕಣ್ಣು ಮಾತ್ರ ಅವನದು ಹಾಳಾಗಿರಲಿಲ್ಲ. "ಯಾರೇ ತಂದಿದ್ದು ಈ ಕಸಾನ? ಸೌದೆಗೆ ನೆಡೋದನ್ನ ಕುಂಡದಲ್ಲಿ ಇಟ್ಟಿದ್ದಾರೆ ಬೆಪ್ಪುತಕ್ಕಡಿಗಳು," ಎಂದು ಪಕ್ಕಕ್ಕೆ ಸರಿಸಿದ. ಕೊನೆಗೆ ಅಲಂಕಾರದ ಅಂಗಡಿಯಿಂದ ಪ್ಲಾಸ್ಟಿಕ್ಕಿನದೊಂದು ತಂದೆ. ಅದರ ಒಂದು ಕಡ್ಡಿ ಕಿತ್ತು ಮೂಸಿ, ಅಪ್ಪ ನನ್ನನ್ನು ಎಂಥ ಕನಿಕರದಿಂದ ನೋಡಿದನೆಂದರೆ, ಹುಚ್ಚು ಹಿಡಿದಿರುವುದು ನನಗೇ ಎನಿಸಿತು. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾನೂ ನಕ್ಕೆ. ಇನ್ನೇನು ಮಾಡಲಿ?

ಇಷ್ಟಾದರೂ ನಾನು ತಡೆದುಕೊಳ್ಳುತ್ತಿದ್ದೆ. ಅವನ ಮರ, ಅವನೇ ಬೆಳೆಸಿದ್ದು, ಅವನ ಕೈಯಲ್ಲೇ ಹೋಗುತ್ತಿದೆ ಎಂದು ಹೇಗೋ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆದರೆ ಬೆಂಚಿನ ತುದಿಯಲ್ಲಿ ನನ್ನದೂ ಒಂದು ಮರವಿತ್ತು.

ಅದನ್ನು ನಾನು ಬೀಜದಿಂದ ಬೆಳೆಸಿದ್ದು. ಬುಡದಲ್ಲಿ ಗಟ್ಟಿಯಾಗಿ ನೆಲ ಕಚ್ಚಿಕೊಂಡು, ಮೇಲೆ ಕೊಂಬೆಗಳೆಲ್ಲ ಒಂದೇ ಕಡೆಗೆ ಬೀಸಿ ಹೋದಂತಹ ಮರ. ಸಮುದ್ರದ ಕಡೆಯಿಂದ ಗಾಳಿ ಹೊಡೆಯುವ ಜಾಗದಲ್ಲಿ ನಿಂತ ಗಾಳಿಮರ ಹಾಗೆಯೇ ಇರುತ್ತದೆ. ಹಾಗೆ ಬಾಗಿಸಲು ಪ್ರತಿ ಕೊಂಬೆಗೂ ತಂತಿ ಸುತ್ತಿದ್ದೇನೆ, ತಂತಿ ತೊಗಟೆಗೆ ಕಚ್ಚುವ ಮೊದಲೇ ಬಿಚ್ಚಿದ್ದೇನೆ. ಈ ಮರ ಎಷ್ಟು ಬೇಗ ದಪ್ಪವಾಗುತ್ತದೆಂದರೆ ಒಂದು ಜ್ವರ ಬಂದು ಮಲಗಿ ಎದ್ದರೆ ತಂತಿ ಒಳಗೆ ಹೂತಿರುತ್ತದೆ. ನೆಂಟರ ಮದುವೆಗೆ ಹೋದವಳು ತಂತಿ ನೆನಪಾಗಿ ಊಟ ಬಿಟ್ಟು ಓಡಿ ಬಂದದ್ದುಂಟು. ಅಪ್ಪ ಅದನ್ನು ಒಂದು ಸಲವೂ ನಿಂತು ನೋಡಲಿಲ್ಲ. "ಪೊರಕೆ," ಎಂದ. "ಅಂಗಡಿ ಗುಡಿಸೋಕೆ ಆಗತ್ತೆ, ಇಟ್ಕೋ." ಹಾಗೆ ಅದರ ಹೆಸರೇ ಪೊರಕೆ ಎಂದಾಯಿತು. ನಾನೂ ಹಾಗೇ ಕರೆದೆ. ಆ ಹೆಸರಿನ ಜೊತೆಗೇ ಅದನ್ನು ಬೋನ್ಸಾಯ್ ಪ್ರದರ್ಶನಕ್ಕೆ ಇಟ್ಟು, ಅವನ ಹತ್ತಿರ ಈ ವಿದ್ಯೆ ಕಲಿತ ಶಿಷ್ಯರೆಲ್ಲರ ಮುಂದೆ ತೋರಿಸಬೇಕು ಎಂದು ನನಗೆ ಹಟ. ಅದಕ್ಕೆ ಈ ವರ್ಷವೇ ಸರಿ ಎಂದುಕೊಂಡಿದ್ದೆ.

ಒಂದು ಬೆಳಗ್ಗೆ ಅಪ್ಪ ಅದರ ಮುಂದೆ ನಿಂತುಬಿಟ್ಟ. ತಲೆ ಓರೆ ಮಾಡಿ ನೋಡಿದ. ಬಗ್ಗಿ ಬುಡ ನೋಡಿದ. ಹಿಂದೆ ಹೋಗಿ ಬೆನ್ನಿನ ಕೊಂಬೆ ನೋಡಿದ. ಒಳ್ಳೆಯ ಮರವನ್ನು ಅವನು ನೋಡುವ ರೀತಿಯೇ ಅದು.

"ಯಾರದ್ದಿದು?" ಎಂದ.

"ನಂದು," ಎಂದೆ. ಬಾಯಿ ಮುಚ್ಚಿಕೊಂಡಿರಬಾರದಿತ್ತೇ ನಾನು!

"ನಿಂದಾ? ಯಾರು ಕಲಿಸಿದ್ದು ನಿನಗೆ?"

"ನೀನೇ ಅಪ್ಪ."

"ನಾನಾ?" ಅವನು ಜೋರಾಗಿ ನಕ್ಕ. "ಸುಳ್ಳು ಹೇಳಬೇಡ. ನನ್ನ ಕೈಲೇ ಇಷ್ಟು ಚೆನ್ನಾಗಿ ಬರಲ್ಲ."

ಅಯ್ಯೋ ದೇವರೇ, ಆ ಮಾತು ಕೇಳಬೇಕೆಂದು ನಾನು ಎಷ್ಟು ವರ್ಷ ಆ ಅಂಗಳದಲ್ಲಿ ಬೆನ್ನು ಬಗ್ಗಿಸಿದ್ದೆ! ಅವನ ಕಾಲು ಹಿಡಿದುಕೊಳ್ಳಬೇಕು ಎನಿಸಿತು, ಎರಡು ಬಾರಿಸಬೇಕು ಎಂದೂ ಎನಿಸಿತು. ನಾನು ಕಣ್ಣೊರೆಸಿಕೊಂಡು ನೋಡುವಷ್ಟರಲ್ಲಿ ಅವನು ಸ್ಟೂಲು ಎಳೆದುಕೊಂಡು ಕೂತಿದ್ದ.

"ಇನ್ನು ಒಂದೇ ಒಂದು ಕೈ ಬೇಕು ಇದಕ್ಕೆ," ಎಂದ. "ಒಂದು ಸಲ ನೀಟಾಗಿ ಚಿವುಟಿಬಿಟ್ರೆ ಮುಗೀತು."

ಟಿಕ್, ಟಿಕ್, ಟಿಕ್. ಆವತ್ತು ಚಿವುಟಬೇಕಾದದ್ದು ಸರಿಯೇ ಇತ್ತು. ನಾನು ಮಾಡಿದ್ದರೂ ಅಷ್ಟೇ ಮಾಡುತ್ತಿದ್ದೆ. ಒಂದು ತುದಿಯೂ ತಪ್ಪಾಗಲಿಲ್ಲ. ಮಾರನೆಯ ದಿನ ಎದ್ದು ಬಂದವನು ಮತ್ತೆ ಅದರ ಮುಂದೆಯೇ ನಿಂತ. "ಯಾರದ್ದಿದು? ಒಂದೇ ಒಂದು ಕೈ ಬೇಕು."

ಅಲ್ಲಿಂದ ಮುಂದೆ ಅವನು ಬೇರೆ ಮರದ ಕಡೆ ತಿರುಗಲೇ ಇಲ್ಲ. ಉಳಿದವನ್ನೆಲ್ಲ ಒಮ್ಮೆ ನೋಡಿ, "ಇದು ಮುಗಿದಿದೆ," "ಇದೂ ಮುಗಿದಿದೆ," ಎಂದು ದಾಟಿಕೊಂಡು ಹೋಗಿ ಪೊರಕೆಯ ಮುಂದೆ ಕೂರುತ್ತಿದ್ದ. ನಾನು ಅದನ್ನು ಬೆಂಚಿನ ಕೆಳಗಿಟ್ಟರೆ ಅಲ್ಲಿಂದ ಎತ್ತಿಕೊಂಡ. ಬಲೆ ಸುತ್ತಿದರೆ, "ಪಾಪ, ಯಾರು ಕಟ್ಟಿಹಾಕಿದ್ರು," ಎಂದು ಗಂಟು ಗಂಟಾಗಿ ಬಿಚ್ಚಿದ. ಕೈ ಹಿಡಿದುಕೊಂಡರೆ, "ಬಿಡಮ್ಮ, ಸ್ವಲ್ಪ ಕೆಲಸ ಇದೆ," ಎಂದ. ಮಗಳ ಮೇಲೆ ಹರಿಹಾಯುವ ಅಪ್ಪ ನನಗೆ ಗೊತ್ತು, ಅವನ ಜೊತೆ ಸಮಕ್ಕೆ ಜಗಳವಾಡಿದವಳು ನಾನು. ಇಷ್ಟು ಮೆತ್ತಗೆ ಮಾತಾಡುವ ಈ ಮನುಷ್ಯನ ಜೊತೆ ಹೇಗೆ ಜಗಳವಾಡುವುದು?

ಗಾಳಿ ಬೀಸಿದ ಕಡೆಯ ಕೆಳಗಿನ ಕೊಂಬೆ ಬೋಳಾಯಿತು. ಅದು ಆ ಮರದ ಜೀವದಂತಹ ಕೊಂಬೆ. ನನಗೆ ತಲೆ ಕೆಟ್ಟು ಹೋಯಿತು. ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿದೆ.

ಈ ಹಲ್ಲಿನ ಡಾಕ್ಟರು ಅಪ್ಪನ ಹಳೆಯ ಶಿಷ್ಯರು. ಹಲ್ಲು ಕೆರೆಯುವ ಸಲಾಕೆಯಿಂದಲೇ ಬೇರು ಬಿಡಿಸುತ್ತಾರೆ. ಅದೇ ಸಲಾಕೆ ಆಮೇಲೆ ಯಾರ ಬಾಯಿಗೆ ಹೋಗುತ್ತದೋ ಎಂದು ಅಮ್ಮ ಇವತ್ತಿಗೂ ಅವರ ಹತ್ತಿರ ಹಲ್ಲು ತೋರಿಸಿಲ್ಲ. ಬಂದವರು ಪೊರಕೆಯನ್ನು ಸುತ್ತ ತಿರುಗಿಸಿ ನೋಡಿದರು.

"ಒಂದು ಕೊಂಬೆ ಹೋಗಿದೆ, ಇನ್ನುಳಿದದ್ದು ಉಳಿಯತ್ತೆ," ಎಂದರು. "ನಮ್ಮನೆ ತಾರಸಿ ಮೇಲೆ ಇಡ್ತೀನಿ. ನಾನೂ ಮುಟ್ಟಲ್ಲ, ನೀರು ಮಾತ್ರ. ಒಂದು ವರ್ಷ ಬಿಟ್ರೆ ಸುಧಾರಿಸ್ಕೊಳ್ಳತ್ತೆ ನೋಡಿ. ಗುರುಗಳು ಕೇಳಿದ್ರೆ?"

"ಕೇಳಲ್ಲ. ನನ್ನನ್ನೇ ಯಾರು ಅಂತ ಕೇಳ್ತಾರೆ."

ಅಪ್ಪ ಕೇಳಲಿಲ್ಲ. ನಾನು ಹೇಳಿದಂತೆಯೇ ಆಯಿತು. ಬೆಳಗ್ಗೆ ಬಂದ, ಬೆಂಚುಗಳ ಉದ್ದಕ್ಕೂ ನಡೆದ, "ಮುಗಿದಿದೆ, ಮುಗಿದಿದೆ," ಎಂದ, ತುದಿಗೆ ಹೋಗಿ ಬರಿ ಜಾಗವನ್ನು ನೋಡಿದ, ವಾಪಸು ಬಂದು ಅಂಗಡಿಯಲ್ಲಿ ಕೂತ. ಅಬ್ಬ, ಗೆದ್ದೆ ಎಂದುಕೊಂಡೆ. ಎಷ್ಟೋ ದಿನಗಳ ಮೇಲೆ ಕಾಫಿಯನ್ನು ಬಿಸಿಯಿರುವಾಗಲೇ ಕುಡಿದೆ. ಸಂಜೆ ಹಲ್ಲಿನ ಡಾಕ್ಟರು ಫೋನಿನಲ್ಲಿ ಮರದ ಫೋಟೋ ಕಳಿಸುತ್ತಿದ್ದರು. ಬೋಳಾದ ಕೊಂಬೆ ಬಿಟ್ಟರೆ ಉಳಿದ ಕಡೆಯೆಲ್ಲ ಹೊಸ ತುದಿಗಳು ಕಾಣುತ್ತಿದ್ದವು. ನಾನು ಅದನ್ನು ದೊಡ್ಡದು ಮಾಡಿ ಮಾಡಿ ನೋಡುತ್ತಿದ್ದೆ.

ಅಪ್ಪ ತನ್ನ ಮುಂಗೈಯ ಕೂದಲು ಕೀಳುತ್ತಿದ್ದದ್ದು ಮೊದಲು ಅಮ್ಮನ ಕಣ್ಣಿಗೆ ಬಿತ್ತು. ಹೆಬ್ಬೆರಳು, ತೋರುಬೆರಳು, ಅದೇ ಹಿಡಿತ, ಅದೇ ಮೆಲ್ಲನೆಯ ಎಳೆತ. ಕೂದಲು ಮುಗಿದ ಮೇಲೆ ಹುಬ್ಬಿಗೆ ಹೋದ. ಅಮ್ಮ ಕೈಗೆ ಕಾಲುಚೀಲ ಹಾಕಿದಳು. ಅವನು ಅದರ ದಾರವನ್ನು ಎಳೆ ಎಳೆಯಾಗಿ ಬಿಚ್ಚಿ ತೊಡೆಯ ಮೇಲೆ ಗುಡ್ಡೆ ಹಾಕಿದ. ಹಳೆಯ ಸ್ವೆಟರ್ ಕೊಟ್ಟೆವು, ಬಟಾಣಿ ಬಿಡಿಸಲು ಕೊಟ್ಟೆವು. ಸ್ವಲ್ಪ ಹೊತ್ತು ಮಾಡಿ ಪಕ್ಕಕ್ಕಿಟ್ಟು ಮತ್ತೆ ತನ್ನ ಚರ್ಮಕ್ಕೇ ಬರುತ್ತಿದ್ದ. ನರರೋಗದ ಡಾಕ್ಟರು ಒಂದು ಮಾತ್ರೆ ಕೊಟ್ಟರು. ಅದು ನುಂಗಿದರೆ ಅಪ್ಪ ಬಾಯಿ ತೆರೆದುಕೊಂಡು ಕುರ್ಚಿಯಲ್ಲಿ ಒರಗಿರುತ್ತಿದ್ದ, ಜೊಲ್ಲು ಒರೆಸಿದರೂ ಗೊತ್ತಾಗುತ್ತಿರಲಿಲ್ಲ. ಅಮ್ಮ ಎರಡನೆಯ ದಿನವೇ ಮಾತ್ರೆ ಬಚ್ಚಲಿಗೆ ಎಸೆದಳು.

"ಆ ಮರ ತಂದುಬಿಡೇ," ಎಂದಳು.

ನಾನು ಕೇಳಿಸದವಳಂತೆ ತಂತಿಯ ಸುರುಳಿ ಜೋಡಿಸುತ್ತಿದ್ದೆ.

"ನಿನಗೇ ಹೇಳ್ತಿರೋದು."

"ಅದು ನನ್ನ ಮರ ಅಮ್ಮ!" ನನ್ನ ದನಿ ನನಗೇ ಕೇಳಲಾಗದಷ್ಟು ಏರಿತು. "ಅವನದ್ದು ಇಷ್ಟಿವೆಯಲ್ಲ, ಎಲ್ಲಾ ಕಿತ್ತು ಹಾಕಲಿ, ಬೇಡ ಅಂದ್ನಾ? ನನಗಿರೋದು ಅದೊಂದು. ಅದನ್ನೂ ಅವನ ಕೈಗೆ ಕೊಡಲಾ? ನನ್ನ ಹೊಟ್ಟೆ ಉರಿಯಲ್ವಾ?"

"ಉರಿಯತ್ತೆ ಕಣೇ. ನನಗೆ ಗೊತ್ತಿಲ್ವಾ? ನೀನು ಅದಕ್ಕೆ ಎಷ್ಟು ಒದ್ದಾಡಿದ್ದೀಯ ಅಂತ ನಾನು ನೋಡಿಲ್ವಾ?" ಅಮ್ಮ ಮುಂದೆ ಬಂದು, ಅಲ್ಲೇ ಕುರ್ಚಿಯಲ್ಲಿ ಕೂತಿದ್ದ ಅಪ್ಪನ ತೋಳು ಮೇಲೆತ್ತಿ ಅಂಗಿಯ ತೋಳನ್ನು ಮೊಣಕೈವರೆಗೂ ಸರಿಸಿದಳು. ಚರ್ಮ ಕಿತ್ತು ಕಿತ್ತು ಹಸಿಯಾಗಿತ್ತು. ಕೆಲವು ಕಡೆ ಹೆಪ್ಪುಗಟ್ಟಿತ್ತು, ಕೆಲವು ಕಡೆ ರಕ್ತ ಇನ್ನೂ ಜಿನುಗುತ್ತಿತ್ತು. ಅಪ್ಪ ತೋಳನ್ನು ಅಮ್ಮನ ಕೈಯಲ್ಲಿ ಬಿಟ್ಟು, ಅದು ಬೇರೆ ಯಾರದೋ ಎಂಬಂತೆ ನೋಡುತ್ತಿದ್ದ.

"ಈಗ ನೀನೇ ಹೇಳು," ಎಂದಳು ಅಮ್ಮ. "ನೀನು ಹೇಳಿದ ಹಾಗೆ ಮಾಡೋಣ."

ಅಮ್ಮನ ಮೇಲೆ ಸಿಟ್ಟು ಬಂತು. ನಾನೇ ತೀರ್ಮಾನ ಮಾಡುವ ಹಾಗೆ ಮಾಡಿದಳಲ್ಲ ಎಂದು ಎರಡು ದಿನ ಮುಖ ಊದಿಸಿಕೊಂಡು ಓಡಾಡಿದೆ. ಮೂರನೆಯ ದಿನ ಹೋಗಿ ಮರ ತಂದೆ. ಹಲ್ಲಿನ ಡಾಕ್ಟರು ಗೇಟಿನವರೆಗೆ ಅದನ್ನು ಹೊತ್ತು ತಂದರು. "ಬೇಡ ಅಂತ ಹೇಳೋಕೆ ನನಗೆ ಬಾಯಿಲ್ಲ," ಎಂದರು, ಅಷ್ಟೇ.

ಬೆಂಚಿನ ತುದಿಯಲ್ಲಿ ಇಟ್ಟೆ. ಅಪ್ಪ ನಡೆದು ಬಂದ, ನಿಂತ, ತಲೆ ಓರೆ ಮಾಡಿದ.

"ಯಾರದ್ದಿದು?"

"ನಿಂದೇ, ತಗೋ."

ಆಗಲೂ ನಾನು ಪೂರ್ತಿ ಕೈಬಿಟ್ಟಿರಲಿಲ್ಲ. ಅವನ ಪಕ್ಕದಲ್ಲೇ ಇನ್ನೊಂದು ಸ್ಟೂಲು ಹಾಕಿಕೊಂಡು ಕೂತೆ. ಅಂಗಡಿಗೆ ಬಂದ ಗಿರಾಕಿಗಳು ಕೂಗಿ ಕೂಗಿ ಹೋದರು. ಹಲ್ಲುಜ್ಜುವ ಬ್ರಷ್ ಕೊಟ್ಟು ಬುಡದ ಪಾಚಿ ಉಜ್ಜಿಸಿದೆ, ಕುಂಡ ಒರೆಸಿದ್ದನ್ನೇ ಒರೆಸಿದೆವು, ತಟ್ಟೆಗೆ ಲೋಟದಲ್ಲಿ ಒಂದೊಂದೇ ಗುಟುಕು ನೀರು ಹಾಕಿಸಿದೆ. ಮಾತಿಗೆಳೆದೆ. ಭೂತಗನ್ನಡಿ ಕೊಟ್ಟು, "ಎಲೆ ಎಲ್ಲಿದೆ ಅಪ್ಪ, ತೋರಿಸು," ಎಂದೆ. ತೋರಿಸಿದ, ಸಂಭ್ರಮದಿಂದ ತೋರಿಸಿದ. ತೋರಿಸುತ್ತಾ ತೋರಿಸುತ್ತಾ ಚಿವುಟಿದ. ನೀರು ಕುಡಿಯಲು ಎದ್ದು ಬರುವಷ್ಟರಲ್ಲಿ ಒಂದು ಕೊಂಬೆ ಮುಗಿದಿರುತ್ತಿತ್ತು. ನಿಲ್ಲಿಸಲು ಆಗದಿದ್ದರೆ ಸಾಯಲಿ, ನಿಧಾನವಾಗಿಯಾದರೂ ಮಾಡಿಸೋಣ ಎಂದುಕೊಂಡರೆ ಅದೂ ಆಗಲಿಲ್ಲ. ಅತ್ತ ಅವನ ತೋಳಿನ ಗಾಯ ಒಣಗುತ್ತಾ ಬಂತು. ಅಮ್ಮ ದಿನಾ ಎಣ್ಣೆ ಹಚ್ಚುವಾಗ ಅದನ್ನು ನನಗೆ ತೋರಿಸುತ್ತಿರಲಿಲ್ಲ, ಆದರೂ ನಾನು ನೋಡುತ್ತಿದ್ದೆ.

ಒಂದು ಸಂಜೆ ನೀರು ತುಂಬಿಸಲು ಹೋದರೆ ಪೊರಕೆಯ ತಟ್ಟೆಯಲ್ಲಿ ಬೆಳಗಿನ ನೀರು ಹಾಗೆಯೇ ಇತ್ತು. ಮೋಡವಿರಬೇಕು ಎಂದುಕೊಂಡೆ. ಮೋಡವಿರಲಿಲ್ಲ. ಪಕ್ಕದ ಮರಗಳ ತಟ್ಟೆಗಳೆಲ್ಲ ಒಣಗಿದ್ದವು. ಮಾರನೆಯ ದಿನವೂ ನೀರು ಇಳಿಯಲಿಲ್ಲ, ಅದರ ಮೇಲೆ ಒಂದು ಸೊಳ್ಳೆ ಕೂತಿತ್ತು. ನಾನು ಉಗುರಿನಿಂದ ಕಾಂಡದ ತೊಗಟೆಯನ್ನು ಕೊಂಚ ಕೆರೆದೆ. ಒಳಗೆ ಹಸಿರಿರಬೇಕು. ಕಂದು ಬಣ್ಣವಿತ್ತು. ಇನ್ನೂ ಕೆಳಗೆ ಕೆರೆದೆ, ಬುಡದ ಹತ್ತಿರ ಕೆರೆದೆ.

ಗಾಳಿಮರ ಸತ್ತರೂ ತಕ್ಷಣ ಗೊತ್ತಾಗುವುದಿಲ್ಲ. ಬೇರೆ ಗಿಡಗಳಂತೆ ಬಾಡುವುದಿಲ್ಲ, ಎಲೆ ಉದುರಿಸುವುದಿಲ್ಲ. ಇದ್ದ ಕಡ್ಡಿಗಳು ವಾರಗಟ್ಟಲೆ ಹಸಿರಾಗಿಯೇ ನಿಂತಿರುತ್ತವೆ. ನೋಡಿದವರು ಚೆನ್ನಾಗಿದೆ ಎನ್ನುತ್ತಾರೆ. ಅಮ್ಮನೂ ಹಾಗೇ ಎಂದಳು, "ಇನ್ನೂ ಹಸಿರಿದೆಯಲ್ಲೇ, ಗಟ್ಟಿಗಿತ್ತಿ ನಿನ್ನ ಪೊರಕೆ," ಎಂದಳು. ನಾನು ಹೂಂ ಎಂದೆ. ಮಹಡಿ ಹತ್ತಿ ಹೋಗಿ, ಬಚ್ಚಲಲ್ಲಿ ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ ಅತ್ತೆ.

ಆಮೇಲಿನ ಕೆಲವು ದಿನ ನಾನು ಅಪ್ಪನ ಪಕ್ಕ ಕೂರಲಿಲ್ಲ. ಇನ್ನು ಯಾತಕ್ಕೆ? ಗಿರಾಕಿಗಳಿಗೆ ಕುಂಡ ಮಾರಿದೆ. ಹಿಂದಿನಿಂದ ಅವನು ತನ್ನಷ್ಟಕ್ಕೆ ಗುನುಗುವುದು ಕೇಳುತ್ತಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಒಂದು ಥರ ನೆಮ್ಮದಿಯೂ ಆಯಿತು. ಸತ್ತ ಮರವನ್ನು ಅವನು ಇನ್ನೆಷ್ಟು ಕೊಂದಾನು?

ಒಂದು ಬೆಳಗ್ಗೆ ಗುನುಗು ನಿಂತಿತು. ಅಂಗಳಕ್ಕೆ ಹೋದರೆ ಅಪ್ಪ ಬೆರಳುಗಳ ನಡುವೆ ಒಂದು ಕಡ್ಡಿ ಹಿಡಿದುಕೊಂಡು ಕೂತಿದ್ದ. ಟಿಕ್ ಎನ್ನಬೇಕಾದದ್ದು ಅನ್ನದೆ, ಅವನ ಬೆರಳ ನಡುವೆಯೇ ಗಣ್ಣು ಗಣ್ಣಾಗಿ ಉದುರಿಹೋಗಿತ್ತು. ಇನ್ನೊಂದು ಹಿಡಿದ. ಅದೂ ಉದುರಿತು. ಅವನು ಎದ್ದು ಬಗ್ಗಿ ಬುಡ ನೋಡಿದ. ನಾನು ಉಗುರಿನಿಂದ ಕೆರೆದ ಜಾಗಗಳ ಮೇಲೆ ಹೆಬ್ಬೆರಳು ಆಡಿಸಿದ. ಮರವನ್ನು ನೋಡಿ ಅಮ್ಮನಿಗೆ ಗೊತ್ತಾಗಿರಲಿಲ್ಲ, ದಾರಿಹೋಕರು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅವನಿಗೆ ಗೊತ್ತಾಯಿತು.

"ಸತ್ತುಹೋಗಿದೆ," ಎಂದ. "ಎಂಥಾ ಮರ! ಯಾರದ್ದಿದು?"

ನಾನು ಏನೂ ಹೇಳಬಾರದೆಂದಿದ್ದೆ. ಆದರೆ ಅವನು ಸುತ್ತಮುತ್ತ ನೋಡುತ್ತಿದ್ದ, ಯಾರನ್ನೋ ಹುಡುಕುವಂತೆ. ಕೈ ತೋಳಿನ ಕಡೆಗೆ ಹೋಗುತ್ತಿತ್ತು.

"ನಂದು," ಎಂದೆ.

"ಜಾಸ್ತಿ ಚಿವುಟಿದ್ದೀಯಮ್ಮ."

"ಹೌದು. ಜಾಸ್ತಿ ಚಿವುಟಿದೆ."

"ದಿನಾ ಚಿವುಟಿದ್ದೀಯ. ಅದಕ್ಕೆ ಉಸಿರಾಡೋಕೂ ಬಿಟ್ಟಿಲ್ಲ ನೀನು. ಯಾಕೆ ಹೀಗೆ ಮಾಡಿದೆ? ಪಾಪ ಅನ್ನಿಸಲಿಲ್ವಾ?"

ಬಾಗಿಲಲ್ಲಿ ಅಮ್ಮ ನಿಂತಿದ್ದಳು. "ರೀ, ಸುಮ್ಮನಿರಿ," ಎಂದಳು. ನಾನು ಕೈ ಎತ್ತಿ ಬೇಡವೆಂದೆ.

"ಗೊತ್ತಾಗಲಿಲ್ಲ," ಎಂದೆ. ಇಷ್ಟು ಹೊತ್ತು ಹೇಗೋ ತಡೆದಿದ್ದೆ, ಆ ಮಾತಿನ ಜೊತೆ ಅಳು ನುಗ್ಗಿ ಬಂತು. ಚಿಕ್ಕ ಹುಡುಗಿಯಂತೆ ಬಿಕ್ಕಿ ಬಿಕ್ಕಿ ಅತ್ತೆ.

ಅಪ್ಪ ಗಾಬರಿಯಾದ. ಎದುರಿಗೆ ಬಂದು ನಿಂತ. ಅಂಗಿಯ ತುದಿಗೆ ಕೈ ಒರೆಸಿಕೊಂಡು ನನ್ನ ತಲೆಯ ಮೇಲಿಟ್ಟ.

"ಅಳಬೇಡ, ಅಳಬೇಡ. ಎಲ್ಲರ ಕೈಲೂ ಒಂದು ಸಾಯತ್ತೆ. ನಿನಗೆ ಕಲಿಸಿದವನು ಸರಿಯಾಗಿ ಹೇಳಿಕೊಟ್ಟಿಲ್ಲ, ಅಷ್ಟೇ. ನಿನ್ನ ತಪ್ಪಲ್ಲ ಅದು. ನನ್ನ ಹತ್ತಿರ ಬಾ, ನಾನು ಹೇಳಿಕೊಡ್ತೀನಿ. ನಿಮ್ಮನೇಲಿ ಬೈತಾರಾ? ನಿಮ್ಮಪ್ಪನಿಗೆ ನಾನು ಹೇಳ್ತೀನಿ ಬಿಡು."

ನನ್ನ ಕೈ ಹಿಡಿದು ಮೊದಲ ಬೆಂಚಿನ ಹತ್ತಿರ ಕರೆದುಕೊಂಡು ಹೋದ. ಅಲ್ಲಿರುವುದು ಅಂಗಡಿಗಿಂತ ಹಳೆಯ ಮರ, ಅಮ್ಮ ಮದುವೆಯಾಗಿ ಬಂದಾಗಲೇ ಅಲ್ಲಿತ್ತಂತೆ. ಹೋದ ವರ್ಷವೆಲ್ಲ ಅವನ ಕೈಗೆ ಸಿಕ್ಕಿ ಸೊರಗಿ, ಈಗಷ್ಟೇ ಅಲ್ಲೊಂದು ಇಲ್ಲೊಂದು ತೆಳ್ಳನೆಯ ತುದಿ ಬಿಟ್ಟಿತ್ತು.

"ಇದರಲ್ಲಿ ಕಲಿ," ಎಂದ. "ಇದು ಹಳೇದು, ತಡ್ಕೊಳ್ಳತ್ತೆ."

"ಬೇಡ ಅಪ್ಪ. ಇವತ್ತು ಬೇಡ."

"ಹೆದರಬೇಡ, ನಾನಿದ್ದೀನಲ್ಲ." ನನ್ನ ಹೆಬ್ಬೆರಳು ತೋರುಬೆರಳುಗಳನ್ನು ತನ್ನ ಕೈಯಲ್ಲಿ ಜೋಡಿಸಿ, ಆ ತುದಿಯ ಮೇಲೆ ತಂದಿಟ್ಟ. ಅವನ ಬೆರಳು ಬೆಚ್ಚಗಿತ್ತು, ಒಂದಿಷ್ಟೂ ನಡುಗುತ್ತಿರಲಿಲ್ಲ. "ಹಾಂ. ಮೆಲ್ಲಗೆ."

ನಾನು ಅಮ್ಮನನ್ನು ನೋಡಿದೆ. ಅಮ್ಮ ಮುಖ ಆ ಕಡೆ ತಿರುಗಿಸಿಕೊಂಡಳು.

ಎಳೆದೆ. ಟಿಕ್ ಎಂದಿತು.

"ಭೇಷ್!" ಎಂದ ಅಪ್ಪ. ಅವನ ಮುಖವೆಲ್ಲ ನಗು. "ನೋಡಿದ್ಯಾ, ಎಷ್ಟು ಸುಲಭ! ಈಗ ಇನ್ನೊಂದು."